ಹಾಸಿಗೆಗೆ ದುಡ್ಡುಂಟು, ನೋವಿಗಿಲ್ಲ

ಆರೋಗ್ಯ ವಿಮೆಯ ಪಾಲಿಸಿ ಪುಸ್ತಕವನ್ನು ಮೊದಲಿಂದ ಕೊನೆತನಕ ಓದಿದವರನ್ನು ನಾನಿನ್ನೂ ಕಂಡಿಲ್ಲ. ಮಾರಿದ ಏಜೆಂಟರೂ ಓದಿರುವುದು ಅನುಮಾನ. ಆದರೆ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಕೈಮೀರಿದೆ, ಡಾಕ್ಟರು 'ಇನ್ನು ಮನೇಲೇ ಚೆನ್ನಾಗಿ ನೋಡ್ಕೊಳ್ಳಿ' ಅಂದಿದ್ದಾರೆ ಎಂದಾದರೆ ಅದರ ಒಂದು ಪುಟವನ್ನು ಮಾತ್ರ ಇವತ್ತೇ ಹುಡುಕಿ ತೆಗೆಯಬೇಕು. ಕಂಪನಿ ಏನೇನಕ್ಕೆ ದುಡ್ಡು ಕೊಡುವುದಿಲ್ಲ ಎಂಬ ಪಟ್ಟಿ ಇರುವ ಪುಟ ಅದು. ಅಲ್ಲಿ ಸಂಕೇತ ಸಂಖ್ಯೆ 05 ಎಂದು ಒಂದು ಷರತ್ತಿದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ ಇಂಥ ಷರತ್ತುಗಳ ಒಕ್ಕಣೆ ಎಲ್ಲ ಕಂಪನಿಗಳಿಗೂ ಒಂದೇ ಎಂದು ಗೊತ್ತುಮಾಡಿತು. ಹಾಗಾಗಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೊಂಡ ಪಾಲಿಸಿಯಲ್ಲೂ ದೆಹಲಿಯಲ್ಲಿ ಕೊಂಡ ಪಾಲಿಸಿಯಲ್ಲೂ ಅದೇ ಸಾಲುಗಳು.

ಅದರ ಸಾರ ಇಷ್ಟು. ಚಿಕಿತ್ಸೆಗಲ್ಲದೆ ಬರೀ ವಿಶ್ರಾಂತಿಗೆಂದು ದಾಖಲಾದರೆ ದುಡ್ಡಿಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಎಬ್ಬಿಸಿ ನಡೆಸುವುದು ಇಂಥ ಆರೈಕೆಗೆ, ಅದನ್ನು ನರ್ಸೇ ಮಾಡಲಿ ಆಯಾಳೇ ಮಾಡಲಿ, ಮನೆಯಲ್ಲಾಗಲಿ ಬೇರೆಡೆಯಾಗಲಿ, ದುಡ್ಡಿಲ್ಲ. ಸಾವಿನಂಚಿನಲ್ಲಿರುವವರ ದೈಹಿಕ, ಸಾಮಾಜಿಕ, ಭಾವನಾತ್ಮಕ, ಆಧ್ಯಾತ್ಮಿಕ ಅಗತ್ಯಗಳಿಗಾಗಿ ಕೊಡುವ ಯಾವ ಸೇವೆಗೂ ದುಡ್ಡಿಲ್ಲ. ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ವಿಶ್ವ ಆರೋಗ್ಯ ಸಂಸ್ಥೆ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಎಂದರೇನು ಎಂದು ವಿವರಿಸುವಾಗ ಬಳಸುವುದು ಹೆಚ್ಚುಕಡಿಮೆ ಇವೇ ಪದಗಳನ್ನು. ವ್ಯಾಖ್ಯಾನವನ್ನೇ ಎತ್ತಿ ತಂದು ನಿಷೇಧದ ಪಟ್ಟಿಗೆ ಅಂಟಿಸಿದ ಹಾಗಿದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಅನ್ಯಾಯ ಅಂತ ಕೂತರೆ ಆಸ್ಪತ್ರೆ ಬಿಲ್ಲು ಕಡಿಮೆಯಾಗುವುದಿಲ್ಲ. ಈ ಗೋಡೆಯಲ್ಲಿ ಬಾಗಿಲುಗಳು ಎಲ್ಲೆಲ್ಲಿವೆ ಎಂದು ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ನಮ್ಮ ಊರಿನ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಪ್ಪನ ಸ್ಥಿತಿ ಕೇಳಿ ಮಗ ಫೋನಿನಲ್ಲಿ, 'ಹಾಸ್ಪೀಸ್ ಕವರ್ ಇದೆಯಾ ಕೇಳಿ' ಅನ್ನುತ್ತಾನೆ. ಅವನು ಕೇಳುವುದರಲ್ಲಿ ತಪ್ಪಿಲ್ಲ. ಅಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ 1982ರ ಕಾನೂನಿನಲ್ಲೇ ಹಾಸ್ಪೀಸ್, ಅಂದರೆ ಕೊನೆಗಾಲದ ಆರೈಕೆ, ಸೇರಿಕೊಂಡಿತು. ರೋಗಿ ಬದುಕುವುದು ಇನ್ನು ಆರು ತಿಂಗಳು ಅಥವಾ ಅದಕ್ಕೂ ಕಡಿಮೆ ಎಂದು ವೈದ್ಯರು ಬರೆದುಕೊಟ್ಟರೆ ವಿಮೆ ದಿನಕ್ಕಿಷ್ಟು ಎಂದು ಹಾಸ್ಪೀಸ್ ತಂಡಕ್ಕೆ ಕೊಡುತ್ತದೆ. ತಂಡ ಮನೆಗೇ ಬರುತ್ತದೆ. ಅಂದರೆ ಅಲ್ಲಿ ದುಡ್ಡು ರೋಗಿಯ ಹಿಂದೆ ಮನೆಗೆ ಹೋಗುತ್ತದೆ. ನಮ್ಮಲ್ಲಿ ವಿಮೆಯ ಕಣ್ಣಿಗೆ ಬೀಳುವುದು ಆಸ್ಪತ್ರೆಯ ಹಾಸಿಗೆ ಮಾತ್ರ. ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು. ಆಸ್ಪತ್ರೆ ಎನಿಸಿಕೊಳ್ಳಲು ಶಿವಮೊಗ್ಗ, ಭದ್ರಾವತಿಯಂಥ ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಊರುಗಳಲ್ಲಿ ಕನಿಷ್ಠ 10 ಹಾಸಿಗೆ, ಹಗಲಿರುಳು ವೈದ್ಯರು, ನರ್ಸು, ಆಪರೇಷನ್ ಥಿಯೇಟರು ಎಲ್ಲ ಇರಬೇಕು. ಹಾಸ್ಪೀಸಿಗೆ ಆಪರೇಷನ್ ಥಿಯೇಟರು ಯಾಕೆ ಬೇಕು ಹೇಳಿ!

ಇನ್ನೊಂದು ಮಾತು. ಉಪಶಾಮಕ ಆರೈಕೆ ಅಂದರೆ ಕೊನೆಯ ವಾರದ ಆರೈಕೆ ಅಲ್ಲ. ಕೀಮೋ ನಡೆಯುತ್ತಿರುವಾಗಲೇ ನೋವು, ವಾಂತಿ, ಉಬ್ಬಸ, ನಿದ್ದೆಗೇಡು ಇವನ್ನೆಲ್ಲ ಹದ್ದುಬಸ್ತಿಗೆ ತರುವುದೂ ಅದೇ. ಹಾಸ್ಪೀಸ್ ಅದರ ಕೊನೆಯ ಭಾಗ. ಈ ವ್ಯತ್ಯಾಸ ಕ್ಲೇಮಿನ ದೃಷ್ಟಿಯಿಂದ ಬಹಳ ಮುಖ್ಯ, ಏಕೆಂದರೆ ಮೊದಲ ಭಾಗದ ಬಹುಪಾಲಿಗೆ ವಿಮೆ ದುಡ್ಡು ಕೊಡುತ್ತದೆ, ಅದರ ಹೆಸರನ್ನು ಹೇಳದೆ.

ಹೇಗೆ ಎಂದರೆ, ಭದ್ರಾವತಿ ನ್ಯೂಟೌನಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಜಮಾನರಿಗೆ 68. ಹೊಟ್ಟೆಯ ಕ್ಯಾನ್ಸರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದೆ, ನೋವು ತಡೆಯಲಾಗುತ್ತಿಲ್ಲ. ಕೈಯಲ್ಲಿರುವುದು 3 ಲಕ್ಷದ 'ಆರೋಗ್ಯ ಸಂಜೀವಿನಿ' ಪಾಲಿಸಿ. 2020ರ ಏಪ್ರಿಲಿನಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ ಪಾಲಿಸಿ ಅದು. ಜೂನ್ 10ಕ್ಕೆ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸುತ್ತಾರೆ. ನೀರು ತೆಗೆಯುತ್ತಾರೆ, ನೋವಿನ ಔಷಧಿಯ ಪ್ರಮಾಣ ಗೊತ್ತುಮಾಡುತ್ತಾರೆ, 13ಕ್ಕೆ ಮನೆಗೆ ಕಳಿಸುತ್ತಾರೆ. ಇದು ವಿಶ್ರಾಂತಿಯ ದಾಖಲಾತಿ ಅಲ್ಲ, ಚಿಕಿತ್ಸೆ. ಕ್ಲೇಮಿಗೆ ದುಡ್ಡು ಸಿಗುತ್ತದೆ. ಈ ಪಾಲಿಸಿಯಲ್ಲಿ ಒಪ್ಪಿಗೆಯಾದ ಮೊತ್ತದ ನೂರಕ್ಕೆ 5 ಪಾಲು ನಮ್ಮದು, ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ನೂರಕ್ಕೆ 2ರ ಮಿತಿ, ದಿನಕ್ಕೆ 5,000 ರೂಪಾಯಿ ದಾಟುವಂತಿಲ್ಲ. ಮಗಳ ಒತ್ತಾಯಕ್ಕೆ ಡೀಲಕ್ಸ್ ಕೊಠಡಿ ಹಿಡಿದರೆ ಬಾಡಿಗೆಯ ಹೆಚ್ಚುವರಿ ಮಾತ್ರವಲ್ಲ, ಡಾಕ್ಟರ ಫೀಸು, ನರ್ಸಿಂಗು ಮುಂತಾದವೂ ಅದೇ ಅನುಪಾತದಲ್ಲಿ ಕಡಿತವಾಗಬಹುದು.

ಅಸಲಿ ವಿಷಯ ಶುರುವಾಗುವುದು 13ರ ನಂತರ. ದಾಖಲಾತಿಯ ಹಿಂದಿನ 30 ದಿನ, ಬಿಡುಗಡೆಯ ನಂತರದ 60 ದಿನ ಅದೇ ಕಾಯಿಲೆಗೆ ಆಗುವ ವೈದ್ಯಕೀಯ ಖರ್ಚು ಈ ಪಾಲಿಸಿಯಲ್ಲಿ ಸೇರಿದೆ. ಕೆಲವು ದುಬಾರಿ ಪಾಲಿಸಿಗಳಲ್ಲಿ ಇದು 90, 180 ದಿನದವರೆಗೂ ಇರುತ್ತದೆ. ಅಂದರೆ ಜೂನ್ 13ರಿಂದ ಆಗಸ್ಟ್ 12ರವರೆಗೆ ನೋವಿನ ಮಾತ್ರೆ, ವಾಂತಿಯ ಔಷಧಿ, ಮಲಬದ್ಧತೆಯ ಸಿರಪ್ಪು, ರಕ್ತಪರೀಕ್ಷೆ, ವೈದ್ಯರ ಫೀಸು ಎಲ್ಲವನ್ನೂ ಕೇಳಬಹುದು. ನನ್ನ ಪ್ರಕಾರ ಮನೆಯಲ್ಲಿ ನಡೆಯುವ ಉಪಶಾಮಕ ಆರೈಕೆಗೆ ನಮ್ಮ ವಿಮೆಯಲ್ಲಿರುವ ಅತಿ ದೊಡ್ಡ ಬಾಗಿಲು ಇದೇ, ಅತಿ ಹೆಚ್ಚು ಜನ ಮರೆಯುವ ಬಾಗಿಲೂ ಇದೇ. ಆಸ್ಪತ್ರೆ ಬಿಲ್ಲು ಕ್ಯಾಶ್‌ಲೆಸ್ ಆಯಿತಲ್ಲ, ಮುಗಿಯಿತು ಅಂದುಕೊಂಡು ಮೆಡಿಕಲ್ ಸ್ಟೋರಿನ ಚೀಟಿಗಳನ್ನು ಒಲೆಗೆ ಹಾಕುತ್ತೇವೆ. ಆ 60 ದಿನ ಮುಗಿದ ಮೇಲೆ 15 ದಿನದೊಳಗೆ ಬಿಲ್ಲು, ಚೀಟಿ, ರಿಪೋರ್ಟು ಸೇರಿಸಿ ಎರಡನೇ ಕ್ಲೇಮು ಹಾಕಬೇಕು. ಪ್ರತಿ ಬಿಲ್ಲಿನ ಹಿಂದೆ ವೈದ್ಯರ ಚೀಟಿ ಇರಲೇಬೇಕು. ಅಂಗಡಿಯವರು 'ಇದೂ ಒಳ್ಳೇದು' ಎಂದು ಕೊಟ್ಟ ಟಾನಿಕ್ಕು ನಡೆಯುವುದಿಲ್ಲ. ಹೋಮ್ ನರ್ಸಿನ ಸಂಬಳ, ಡೈಪರ್ರು, ಬಾಡಿಗೆ ಮಂಚ, ಗಾಳಿಹಾಸಿಗೆ ಇವು 05ರ ಗೋಡೆಯಾಚೆಗೇ ಉಳಿಯುತ್ತವೆ, ಅಥವಾ ಕೊಡಬೇಕಿಲ್ಲದ ಸಾಮಾನುಗಳ ಪಟ್ಟಿಗೆ ಬೀಳುತ್ತವೆ. ಜುಲೈ ಕೊನೆಯಲ್ಲಿ ರಕ್ತ ಕೊಡಿಸಲು ಮತ್ತೆ ದಾಖಲಿಸಬೇಕಾಗಿ ಬಂದರೆ ಆ ಬಿಡುಗಡೆಯಿಂದ ಹೊಸ 60 ದಿನ ಶುರು.

ಇದೆಲ್ಲ ನಿಂತಿರುವುದು ಡಿಸ್ಚಾರ್ಜ್ ಸಮ್ಮರಿಯ ಮೇಲೆ. 'ಟರ್ಮಿನಲ್ ಕೇಸ್, ಸಪೋರ್ಟಿವ್ ಕೇರ್‌ಗೆ ದಾಖಲು' ಎಂದು ಎರಡೇ ಮಾತು ಬರೆದಿದ್ದರೆ ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಟಿಪಿಎ ಕಚೇರಿಯಲ್ಲಿ ಕೂತವರ ಬೆರಳು ನೇರ 05ರ ಮೇಲೆ ಹೋಗುತ್ತದೆ. ಏನು ತೊಂದರೆಗೆ ಬಂದರು, ನೋವಿನ ಅಂಕ ಎಷ್ಟಿತ್ತು, ಮನೆಯಲ್ಲಿ ಯಾಕೆ ನಿಭಾಯಿಸಲಾಗಲಿಲ್ಲ, ಯಾವ ಇಂಜೆಕ್ಷನ್ನು, ಯಾವ ಪ್ರಕ್ರಿಯೆ, ಮುಂದೆ ಮನೆಯಲ್ಲಿ ಯಾವ ಔಷಧಿ ಎಷ್ಟು ದಿನ ಎಂಬುದೆಲ್ಲ ಬರೆದಿರಬೇಕು. ಸುಳ್ಳು ಬರೆಸಿ ಎಂದು ಹೇಳುತ್ತಿಲ್ಲ. ಮಾಡಿದ್ದನ್ನು ಪೂರ್ತಿ ಬರೆಸಿ ಎನ್ನುತ್ತಿದ್ದೇನೆ. ಡ್ಯೂಟಿ ಡಾಕ್ಟರು ಅವಸರದಲ್ಲಿರುತ್ತಾರೆ, ನಿಜ. ಆದರೂ ಬಿಡುಗಡೆಯ ಹಿಂದಿನ ದಿನವೇ ವಿನಯದಿಂದ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಕೀಮೋ, ರೇಡಿಯೇಷನ್, ಡಯಾಲಿಸಿಸ್ ಇವಕ್ಕೆ 24 ಗಂಟೆಯ ನಿಯಮವಿಲ್ಲ. ಡೇ ಕೇರ್ ಎಂದು ನಡೆಯುತ್ತವೆ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಕೊಡುವ ರೇಡಿಯೇಷನ್ ಕೂಡ ಇದರಲ್ಲಿ ಬರುತ್ತದೆ, ಅದರ ಉದ್ದೇಶ ಗುಣಪಡಿಸುವುದಲ್ಲ, ನೋವಿಳಿಸುವುದು ಎಂದಿದ್ದರೂ. ಬಾಯಿಯ ಮೂಲಕ ಕೊಡುವ ಕೀಮೋ, ಇಮ್ಯುನೊಥೆರಪಿಗಳನ್ನು ಪೂರ್ತಿ ಹೊರಗಿಡುವಂತಿಲ್ಲ ಎಂದು 2019ರಲ್ಲೇ ನಿಯಮವಾಗಿದೆ. ಆದರೆ ಮಿತಿ ಹೇರಬಹುದು, ಹೇರುತ್ತಾರೆ.

ಇನ್ನೊಂದು ಬಾಗಿಲಿನ ಹೆಸರು ಡೊಮಿಸಿಲಿಯರಿ ಹಾಸ್ಪಿಟಲೈಸೇಷನ್. ಆಸ್ಪತ್ರೆಯಲ್ಲೇ ಕೊಡಬೇಕಾದ ಚಿಕಿತ್ಸೆ, ಆದರೆ ರೋಗಿಯನ್ನು ಸಾಗಿಸುವ ಸ್ಥಿತಿ ಇಲ್ಲ ಅಥವಾ ಆಸ್ಪತ್ರೆಯಲ್ಲಿ ಹಾಸಿಗೆಯೇ ಇಲ್ಲ ಎಂಬ ಕಾರಣಕ್ಕೆ ಮನೆಯಲ್ಲಿ ಕೊಟ್ಟರೆ ಅದನ್ನು ಆಸ್ಪತ್ರೆಯ ಚಿಕಿತ್ಸೆ ಎಂದೇ ಲೆಕ್ಕ. ಸಾಮಾನ್ಯವಾಗಿ ಮೂರು ದಿನ ದಾಟಿರಬೇಕು. ಸಾಗಿಸಲಾಗದು ಎಂದು ವೈದ್ಯರು ಬರೆದುಕೊಡಬೇಕು, ಶುರುವಿನಲ್ಲೇ ಕಂಪನಿಗೆ ತಿಳಿಸಬೇಕು. ಆರೋಗ್ಯ ಸಂಜೀವಿನಿಯಲ್ಲಿ ಈ ಬಾಗಿಲಿಲ್ಲ. ಬೇರೆ ಪಾಲಿಸಿಗಳಲ್ಲಿ ಹುಡುಕಿ ನೋಡಿ.

ಖಾಸಗಿ ವಿಮೆಯೇ ಇಲ್ಲದವರ ವಿಷಯಕ್ಕೆ ಬರೋಣ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಇಲ್ಲಿ ಹಳೆ ಕಾಯಿಲೆ, ಹೊಸ ಕಾಯಿಲೆ ಎಂಬ ಕಾಯುವಿಕೆ ಇಲ್ಲ. ಕಾಯಿಲೆ ಗೊತ್ತಾದ ಮೇಲೂ ಕಾರ್ಡು ಕೆಲಸ ಮಾಡುತ್ತದೆ, ಖಾಸಗಿ ವಿಮೆಯಲ್ಲಿ ಸಾಮಾನ್ಯವಾಗಿ ಸಿಗದ ಅನುಕೂಲ ಇದು.

ದಾರಿ ಮಾತ್ರ ಸರ್ಕಾರಿ ಆಸ್ಪತ್ರೆಯ ಮೂಲಕವೇ. ಭದ್ರಾವತಿಯವರು ತಾಲ್ಲೂಕು ಆಸ್ಪತ್ರೆಗೆ, ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಅಲ್ಲೇ ಆಗುವ ಚಿಕಿತ್ಸೆ ಅಲ್ಲೇ, ಆಗದಿದ್ದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ರೆಫರಲ್ ಪತ್ರ. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜು ಇರುತ್ತದೆ. ದುಡ್ಡು ಕಟ್ಟುವ ಮೊದಲು ಆ ಮೇಜಿಗೆ ಹೋಗಬೇಕು, ಕಟ್ಟಿದ ಮೇಲಲ್ಲ. ಕೀಮೋ, ರೇಡಿಯೇಷನ್ ಪ್ಯಾಕೇಜುಗಳಿವೆ. ಆದರೆ ಇಲ್ಲೂ ಹಾಸಿಗೆಯ ತರ್ಕವೇ: ಆಯುಷ್ಮಾನ್ ನಿಯಮದಲ್ಲಿ ದಾಖಲಾತಿಗೆ ಮೊದಲಿನ 3 ದಿನ, ಬಿಡುಗಡೆಯ ನಂತರದ 15 ದಿನದ ಔಷಧಿ ಪ್ಯಾಕೇಜಿನೊಳಗಿರುತ್ತದೆ, ಬರೀ ಹೊರರೋಗಿ ಖರ್ಚು ಸೇರುವುದಿಲ್ಲ. ಆ 15 ದಿನದ ಔಷಧಿಯನ್ನು ಬಿಡುಗಡೆಯ ಹೊತ್ತಿಗೇ ಕೇಳಿ ಪಡೆಯಿರಿ.

ಭದ್ರಾವತಿಗೆ ಇದರಲ್ಲಿ ತನ್ನದೇ ಅಧ್ಯಾಯವಿದೆ. ಇದು ಕಂಪನಿ ಆಸ್ಪತ್ರೆಯ ಊರು. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಸಿದ ಕಾರ್ಖಾನೆ (ಇಂದಿನ ವಿಐಎಸ್‌ಎಲ್), 1936ರ ಕಾಗದ ಕಾರ್ಖಾನೆ ಎಂಪಿಎಂ, ಕ್ವಾರ್ಟರ್ಸು, ಚೀಟಿ ತೋರಿಸಿದರೆ ಔಷಧಿ. ವಿಮೆ ಎಂಬ ಮಾತೇ ಬೇಕಾಗದ ತಲೆಮಾರುಗಳು ಇಲ್ಲಿ ಬದುಕಿವೆ. 2015ರಲ್ಲಿ ಎಂಪಿಎಂನ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿದ್ದಾಗ ಊರು ಬೀದಿಗಿಳಿಯಿತು. ಆ ತಲೆಮಾರಿಗೇ ಈಗ ಎಪ್ಪತ್ತು, ಎಂಬತ್ತು. ಉಪಶಾಮಕ ಆರೈಕೆ ಬೇಕಾಗುವ ವಯಸ್ಸು.

ವಿಐಎಸ್‌ಎಲ್‌ನಿಂದ ನಿವೃತ್ತರಾದವರು ಅದರ ಮಾತೃಸಂಸ್ಥೆಯಾದ ಸೈಲ್‌ನ ಮೆಡಿಕ್ಲೇಮಿನಲ್ಲಿದ್ದರೆ ಅದರಲ್ಲಿ ಒಳರೋಗಿ ಖರ್ಚಿಗೆ ಬೇರೆ, ಹೊರರೋಗಿ ಖರ್ಚಿಗೆ ಬೇರೆ ಮಿತಿ ಇರುತ್ತದೆ. ಹೊರರೋಗಿ ಮೊತ್ತ ಸಣ್ಣದು. ಆದರೆ ದಾಖಲಾಗದೆ ಮನೆಯಲ್ಲಿ ಮಲಗಿರುವವರ ಮಾತ್ರೆಗೆ ಆಗಿಬರುವುದು ಅದೇ. ಪ್ರತಿ ವರ್ಷ ನವೀಕರಿಸುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನೋಡಿಕೊಳ್ಳುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಇಂಥವೇ.

ಗುತ್ತಿಗೆ ಕಾರ್ಮಿಕರು, ಶಿವಮೊಗ್ಗದ ಫೌಂಡ್ರಿ, ಗಾರ್ಮೆಂಟ್ಸ್, ಅಂಗಡಿಗಳಲ್ಲಿ ದುಡಿಯುವವರು ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಾದರೆ ಸಾಮಾನ್ಯವಾಗಿ ಇಎಸ್‌ಐ ಇರುತ್ತದೆ. ಅದರಲ್ಲಿ ಆಸ್ಪತ್ರೆ ಖರ್ಚಿನಷ್ಟೇ ಬೆಲೆಯುಳ್ಳ ಒಂದು ಸೌಲಭ್ಯ ಇದೆ, ಬಳಸುವವರು ಬಹಳ ಕಡಿಮೆ. ಸಾಮಾನ್ಯ ಕಾಯಿಲೆಗೆ ಸಂಬಳದ ನೂರಕ್ಕೆ 70ರಷ್ಟನ್ನು 91 ದಿನ ಕೊಡುತ್ತಾರೆ, ಇದು ಗೊತ್ತಿದೆ. ಆದರೆ ಕ್ಯಾನ್ಸರ್ ಸೇರಿ 34 ದೀರ್ಘ ಕಾಯಿಲೆಗಳಿಗೆ ವಿಸ್ತೃತ ಅನಾರೋಗ್ಯ ಭತ್ಯೆ ಇದೆ: ನೂರಕ್ಕೆ 80ರಷ್ಟು ಸಂಬಳ, ಗರಿಷ್ಠ ಎರಡು ವರ್ಷದವರೆಗೆ. ಎರಡು ವರ್ಷ ಕೆಲಸ ಮಾಡಿರಬೇಕು, ಆ ಅವಧಿಯಲ್ಲಿ 156 ದಿನದ ವಂತಿಗೆ ಕಟ್ಟಿರಬೇಕು. 'ಹೇಗೂ ಇನ್ನು ಕೆಲಸಕ್ಕೆ ಹೋಗಲ್ಲ' ಎಂದು ರಾಜೀನಾಮೆ ಬರೆದುಕೊಟ್ಟು ಇದನ್ನು ಕಳೆದುಕೊಳ್ಳುತ್ತಾರೆ. ರಾಜೀನಾಮೆಗೆ ಮೊದಲು ಡಿಸ್ಪೆನ್ಸರಿಗೆ ಹೋಗಿ. ನಿವೃತ್ತಿಯ ವಯಸ್ಸಿನವರೆಗೆ ಇಎಸ್‌ಐನಲ್ಲಿದ್ದು, ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದವರಿಗೆ ವರ್ಷಕ್ಕೆ 120 ರೂಪಾಯಿಗೆ ಗಂಡಹೆಂಡಿರಿಬ್ಬರ ವೈದ್ಯ ಸೌಲಭ್ಯ ಮುಂದುವರಿಯುತ್ತದೆ. ನೂರಿಪ್ಪತ್ತು, ನೀವು ತಪ್ಪಾಗಿ ಓದಿಲ್ಲ.

ಆಯಾಳ ಸಂಬಳಕ್ಕೆ, ಮಂಚದ ಬಾಡಿಗೆಗೆ, ಕೆಲಸ ಬಿಟ್ಟು ಕೂತ ಸೊಸೆಯ ನಷ್ಟಕ್ಕೆ ದುಡ್ಡು ಎಲ್ಲಿಂದ? ಬಿಲ್ಲು ಕೇಳದ ವಿಮೆಯಿಂದ. ಕ್ರಿಟಿಕಲ್ ಇಲ್ನೆಸ್ ಪಾಲಿಸಿ ರೋಗ ಖಚಿತವಾದರೆ ಒಂದೇ ಗಂಟಿನಲ್ಲಿ ಕೊಡುತ್ತದೆ. ಸಾಮಾನ್ಯವಾಗಿ ರೋಗ ಪತ್ತೆಯಾದ ಮೇಲೆ 30 ದಿನ ಬದುಕಿರಬೇಕೆಂಬ ಷರತ್ತಿರುತ್ತದೆ. ಎಲ್‌ಐಸಿಯ ಕ್ಯಾನ್ಸರ್ ಕವರ್ 2017ರಲ್ಲಿ ಬಂತು. ಕಾಯಿಲೆ ಬಲಿತ ಹಂತವೆಂದು ದೃಢಪಟ್ಟರೆ ಇಡಿಗಂಟಲ್ಲದೆ ವಿಮಾ ಮೊತ್ತದ ನೂರಕ್ಕೆ ಒಂದರಷ್ಟನ್ನು ಪ್ರತಿ ತಿಂಗಳು, ಹತ್ತು ವರ್ಷ, ವಿಮೆದಾರ ತೀರಿಕೊಂಡರೂ ನಾಮಿನಿಗೆ ಕೊಡುತ್ತದೆ. ಕೆಲವು ಟರ್ಮ್ ಪಾಲಿಸಿಗಳಲ್ಲಿ ಟರ್ಮಿನಲ್ ಇಲ್ನೆಸ್ ಎಂಬ ಸೌಲಭ್ಯ ಸೇರಿರುತ್ತದೆ: ಬದುಕು ಆರು ತಿಂಗಳಿಗಿಂತ ಹೆಚ್ಚಿಲ್ಲ ಎಂದು ವೈದ್ಯರು ಬರೆದರೆ ಸಾವಿನ ನಂತರ ಬರಬೇಕಾದ ಹಣವನ್ನು ಮುಂಚೆಯೇ ಕೇಳಬಹುದು. ಮನೆಮಂದಿ ಬಾಯಿಬಿಟ್ಟು ಕೇಳಲು ಹಿಂಜರಿಯುವ ದುಡ್ಡು ಇದು, ಅದಕ್ಕೇ ಹೆಚ್ಚಿನವರು ಕೇಳುವುದೇ ಇಲ್ಲ. ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಚಿತ್ರ ಸತ್ಯ. ಈ ಆರೈಕೆಯ ತಿರುಳು ದುಬಾರಿಯೇ ಅಲ್ಲ. ಬಾಯಿಯ ಮೂಲಕ ಕೊಡುವ ಮಾರ್ಫೀನ್ ಮಾತ್ರೆ ಅಗ್ಗ. ಕಷ್ಟ ಇರುವುದು ಅದು ಸಿಗುವುದರಲ್ಲಿ. 2014ರಲ್ಲಿ ಮಾದಕವಸ್ತು ಕಾನೂನು ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಪ್ರತ್ಯೇಕ ಲೈಸೆನ್ಸುಗಳ ಕಾಟವಿಲ್ಲದೆ ಅದನ್ನು ದಾಸ್ತಾನಿಟ್ಟು ಕೊಡಬಹುದಾಯಿತು. ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ 'ಹಾಸ್ಪೀಸ್ ಇದೆಯಾ' ಎಂಬುದಲ್ಲ, 'ನೀವು ಮಾರ್ಫೀನ್ ಕೊಡುವ ಮಾನ್ಯತೆ ಪಡೆದಿದ್ದೀರಾ, ಮುಂದಿನ ಕಂತು ಎಲ್ಲಿ ಸಿಗುತ್ತದೆ' ಎಂಬುದು. ಕರ್ನಾಟಕಕ್ಕೆ 2016ರಿಂದ ಉಪಶಾಮಕ ಆರೈಕೆಯ ನೀತಿಯೇ ಇದೆ. ಹಳ್ಳಿಯ ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾದಾಗ ಅವು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಹಿರಿಯರ ಮತ್ತು ಉಪಶಾಮಕ ಆರೈಕೆಯೂ ಸೇರಿತು. ಹುಣ್ಣಿಗೆ ಡ್ರೆಸಿಂಗು, ಕ್ಯಾಥೆಟರು ನೋಡಿಕೊಳ್ಳುವುದು, ಮನೆಗೆ ಭೇಟಿ ಇವನ್ನು ಆಶಾ ಕಾರ್ಯಕರ್ತೆಯ ಮೂಲಕ ಅಲ್ಲಿ ಕೇಳಿ. ಕೇಳದಿದ್ದರೆ ತಾನಾಗಿ ಬರುವುದಿಲ್ಲ. ಮಣಿಪಾಲದ ಕೆಎಂಸಿಯಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಮಲೆನಾಡಿನ ಎಷ್ಟೋ ರೋಗಿಗಳ ಕಡತ ಹೇಗೂ ಅಲ್ಲೇ ಇರುತ್ತದೆ. ಆದರೆ ಬೆನ್ನುಮೂಳೆ ನೋಯುವವರನ್ನು ಆಗುಂಬೆಯ ತಿರುವುಗಳಲ್ಲಿ ಇಳಿಸಿ ಕರೆದೊಯ್ಯುವ ಮುನ್ನ, ವಿಡಿಯೋ ಸಮಾಲೋಚನೆಗೆ ಒಪ್ಪುತ್ತಾರಾ ಎಂದು ಒಮ್ಮೆ ಫೋನ್ ಮಾಡಿ. ಬೆಂಗಳೂರಿನ ಮಾರತ್‌ಹಳ್ಳಿಯ ಕರುಣಾಶ್ರಯ 1999ರಿಂದ ಬಲಿತ ಕ್ಯಾನ್ಸರಿನವರನ್ನು ಒಂದು ರೂಪಾಯಿ ಪಡೆಯದೆ ನೋಡಿಕೊಳ್ಳುತ್ತಿದೆ. ಅಲ್ಲಿ ವಿಮೆಯ ಪ್ರಶ್ನೆಯೇ ಬರುವುದಿಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವವರಿಗೆ ನೂರಕ್ಕೆ 75. ಆಸ್ಪತ್ರೆಯಲ್ಲಿ ನಮೂನೆ ತುಂಬಿಸಿಕೊಂಡು ಹೋಗಬೇಕು.

ಹಾಗಾದರೆ ವಿಮೆಯ ದುಡ್ಡು ಬರಿದಾಗುವುದೆಲ್ಲಿ? ಹೆಚ್ಚಾಗಿ ಐಸಿಯುವಿನಲ್ಲಿ, ಕೊನೆಯ ಕೆಲವು ದಿನಗಳಲ್ಲಿ. ವೆಂಟಿಲೇಟರಿಗೆ ವಿಮೆ ಮರುಮಾತಾಡದೆ ಕೊಡುತ್ತದೆ, ಮನೆಯಲ್ಲಿ ಕೈಹಿಡಿದು ಕೂರುವ ನರ್ಸಿಗೆ ಕೊಡುವುದಿಲ್ಲ. ಇದರಿಂದಾಗಿಯೇ ಎಷ್ಟೋ ಕುಟುಂಬಗಳ ನಿರ್ಧಾರ ಬಾಗುತ್ತದೆ. ಗುಣವಾಗದ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರ ಬೇಡವೆನ್ನುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು ನಮ್ಮ ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ. ಪ್ರಜ್ಞೆ ಇರುವಾಗಲೇ ಇಬ್ಬರು ಸಾಕ್ಷಿಗಳೆದುರು ಇಚ್ಛಾಪತ್ರ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದಿಡಬಹುದು. ಈ ದಾರಿ ಬಿಟ್ಟು 'ವೈದ್ಯರ ಸಲಹೆಗೆ ವಿರುದ್ಧವಾಗಿ' ಎಂದು ಸಹಿ ಹಾಕಿ ರೋಗಿಯನ್ನು ಕರೆದೊಯ್ದರೆ ಆಸ್ಪತ್ರೆ ಸರಿಯಾದ ಸಮ್ಮರಿಯನ್ನಾಗಲಿ ಮುಂದಿನ ಔಷಧಿಯ ಚೀಟಿಯನ್ನಾಗಲಿ ಕೊಡದೆ ಹೋಗಬಹುದು. ಚೀಟಿ ಇಲ್ಲದಿದ್ದರೆ ಮಾರ್ಫೀನ್ ಇಲ್ಲ, ಮೊದಲು ಹೇಳಿದ 60 ದಿನದ ಕ್ಲೇಮೂ ಇಲ್ಲ.

ಇನ್ನು ಕ್ಲೇಮು ತಿರಸ್ಕಾರವಾದರೆ. 2024ರ ಮೇ ತಿಂಗಳ ನಿಯಮದಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರ ಬರಬೇಕು. ಕಂಪನಿಯೊಳಗಿನ ಪರಿಶೀಲನಾ ಸಮಿತಿ ನೋಡದೆ ಯಾವ ಕ್ಲೇಮನ್ನೂ ತಳ್ಳಿಹಾಕುವಂತಿಲ್ಲ, ತಳ್ಳಿಹಾಕಿದರೆ ಯಾವ ಷರತ್ತಿನಡಿ ಎಂದು ಬರೆದು ಕೊಡಬೇಕು. ಪಾಲಿಸಿ ಸತತ ಐದು ವರ್ಷ ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, 'ಹಳೆ ಕಾಯಿಲೆ ಮುಚ್ಚಿಟ್ಟಿರಿ' ಎಂಬ ಮಾತು ನಡೆಯುವುದಿಲ್ಲ. ಉತ್ತರ 05 ಎಂದಾಗಿದ್ದರೆ ಸಮ್ಮರಿಯಲ್ಲಿರುವ ಚಿಕಿತ್ಸೆಯ ಸಾಲುಗಳಿಗೆ ಗೆರೆ ಎಳೆದು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳು ಕಾದು, ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು. ರೋಗಿ ಅಷ್ಟರಲ್ಲಿ ತೀರಿಕೊಂಡಿದ್ದರೂ ನಾಮಿನಿ ಅಥವಾ ವಾರಸುದಾರರು ಈ ದೂರನ್ನು ಕೊಡಬಹುದು. ಹಾಗಾಗಿ ತಿಥಿ ಮುಗಿದ ಮೇಲೂ ಆ ಮೆಡಿಕಲ್ ಸ್ಟೋರಿನ ಚೀಟಿಗಳ ಡಬ್ಬಿಯನ್ನು ಯಾರೂ ಎಸೆಯದಂತೆ ನೋಡಿಕೊಳ್ಳಿ.